ಡೆಲ್ಫಿನ್‌ಳ ಜಡೆ

ನಾಳೆ ಬಿಷಪ್ಪರು ಊರಿಗೆ ಬಂದು ಕ್ಷಮೆ ಕೇಳುತ್ತಾರೆಂದು ಗೊತ್ತಾದಾಗಿನಿಂದ ಯುಫೆಮಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಗೆ ಸೌದೆ ತುಂಬುವಳು, ಕೋಟು ಹಾಕುವಳು, ಮತ್ತೆ ತೆಗೆಯುವಳು. ಅವರು ಕೇಳಲಿ, ಕೇಳಲೇಬೇಕು. ನಮ್ಮ ಕ್ರೀ ಬುಡಕಟ್ಟಿನ ಮಕ್ಕಳನ್ನು ಹೆತ್ತವರಿಂದ ಕಿತ್ತು ಬಿಳಿಯರ ಚರ್ಚಿನ ವಸತಿಶಾಲೆಗೆ ತುಂಬಿದವರು ಅವರೇ ತಾನೆ? ಆದರೆ ತಂಗಿಯ ಹತ್ತಿರ ತಾನು ಕೇಳಬೇಕಾದದ್ದು ಅರವತ್ತೆರಡು ವರ್ಷದಿಂದ ಗಂಟಲಲ್ಲೇ ಸಿಕ್ಕಿಕೊಂಡಿದೆಯಲ್ಲ! ಅದನ್ನು ನುಂಗಿಕೊಂಡು ನಾಳೆ ಯಾವ ಮುಖ ಹೊತ್ತು ಸಭೆಯಲ್ಲಿ ಕೂರುವುದು?

ಹೊಗೆಸೊಪ್ಪಿನ ಪೊಟ್ಟಣ ಜೇಬಿಗಿಟ್ಟು ತಂಗಿಯ ಮನೆಗೆ ಹೊರಟೇಬಿಟ್ಟಳು.

ಡೆಲ್ಫಿನ್ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅಕ್ಕ ಪೊಟ್ಟಣ ಚಾಚಿದ್ದು ನೋಡಿ ನಕ್ಕಳು.

"ಇದೇನಕ್ಕಾ, ಊರ ಹಿರಿಯರ ಹತ್ರ ಏನೋ ಕೇಳೋಕೆ ಹೋದವರು ಕೊಟ್ಟ ಹಾಗೆ! ಸಕ್ಕರೆ ಬೇಕಿದ್ರೆ ಸುಮ್ನೆ ತಗೊಂಡ್ಹೋಗು."

"ತಗೊಳ್ಳೇ ಅಂದ್ರೆ. ತಗೊಂಡ್ಮೇಲೆ ನಾನು ಮುಗಿಸೋವರೆಗೂ ಕೇಳ್ಬೇಕು."

ನಗು ನಿಂತಿತು. ಕೈ ಒರೆಸಿಕೊಂಡು ತೆಗೆದುಕೊಂಡಳು.

"ಶಾಲೇಲಿ ನಿನ್ನ ಜಡೆ ಕತ್ತರಿಸಿದ್ದು..."

"ಸಿಸ್ಟರ್ ನಿನ್ನ ಕೈಗೆ ಕತ್ತರಿ ಕೊಟ್ಟು ಮಾಡಿಸಿದ್ಲು. ಅದಕ್ಯಾವತ್ತಾದ್ರೂ ನಾನು ನಿನ್ನ ಬೈದಿದ್ದೀನಾ?"

"ಅದಲ್ಲ ಕಣೇ!"

ನಮ್ಮಲ್ಲಿ ಜಡೆ ಕತ್ತರಿಸುವುದು ಹತ್ತಿರದವರು ಸತ್ತಾಗ. ಏಳು ವರ್ಷದ ಡೆಲ್ಫಿನ್ ತನ್ನ ಅಮ್ಮನೇ ಸತ್ತಳೆಂದುಕೊಂಡು ಆ ಚಳಿಗಾಲವೆಲ್ಲ ಅತ್ತಿದ್ದಳು. ಆಗ ಅವಳಿಗೆ ಕ್ರೀ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಶಾಲೆಯಲ್ಲಿ ಕ್ರೀ ಆಡಿದರೆ ಬೆಲ್ಟಿನ ಏಟು. ಆ ಹೆದರಿಕೆ ಎಂಥದ್ದೆಂದರೆ, ಅಕ್ಕತಂಗಿ ಇವತ್ತಿಗೂ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು.

"ನೀನು ಯಾಕೆ ಅಳ್ತಿದ್ದೆ ಅಂತ ನಂಗೆ ಗೊತ್ತಿತ್ತು. ಅಮ್ಮ ಇದ್ದಾಳೆ ಅಂತ ಒಂದು ಮಾತು ಹೇಳ್ಲಿಲ್ಲ. ಏಟಿಗೆ ಹೆದರಿದೆ."

ಡೆಲ್ಫಿನ್ ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು, ಮತ್ತೆ ಕಿಟಕಿಗೆ ಹೋದಳು.

"ಬೇಸಿಗೆ ರಜಕ್ಕೆ ಊರಿಗೆ ಬಂದು ದೋಣಿ ಇಳಿದಾಗ ಅಮ್ಮ ದಡದಲ್ಲಿ ನಿಂತಿದ್ಲು. ದೆವ್ವ ಅಂತ ಚೀರ್ಕೊಂಡು ಓಡಿದೆ ನಾನು. ಎತ್ಕೊಳ್ಳೋಕೆ ಬಂದ್ರೆ ಕಚ್ಚಿದೆ. ನಿಂಗೆ ಗೊತ್ತಿತ್ತಾ? ಅಯ್ಯೋ ಪಾಪಿ, ಗೊತ್ತಿತ್ತಾ?"

"ಗೊತ್ತಿತ್ತು. ನನ್ನ ಕ್ಷಮಿಸೇ."

"ಕ್ಷಮೆ ಗಿಮೆ ಎಲ್ಲ ನಾಳೆ ಆ ಬಿಷಪ್ಪನೇ ಕೇಳ್ಲಿ. ನೀನು ಅವತ್ತು ಹೇಳ್ದೇ ಇದ್ದದ್ದು ಹೇಳು. ನಮ್ಮ ಮಾತಲ್ಲಿ ಹೇಳು."

ಅಮ್ಮ ಮಣ್ಣಾಗಿ ಇಪ್ಪತ್ತು ವರ್ಷವಾಗಿತ್ತು. ಯುಫೆಮಿಯ ನಾಲಿಗೆ ತೊದಲಿತು. ಬಾಗಿಲ ಕಡೆ ಒಮ್ಮೆ ಹೆದರಿ ನೋಡಿದಳು. ಆಮೇಲೆ ಕ್ರೀಯಲ್ಲಿ ಹೇಳಿದಳು:

"ಅಳ್ಬೇಡ ಪುಟ್ಟಿ. ಅಮ್ಮ ಚೆನ್ನಾಗಿದ್ದಾಳೆ. ಮನೇಲಿ ನಮಗೋಸ್ಕರ ಕಾಯ್ತಿದ್ದಾಳೆ."

ಅರವತ್ತೊಂಬತ್ತರ ಡೆಲ್ಫಿನ್ ನೆಲದ ಮೇಲೆ ಕೂತಳು.

"ಇನ್ನೊಂದ್ಸಲ ಹೇಳಕ್ಕಾ," ಅಂದಳು.