ರೋಂಡಾ ಏರಿಸಿದ ಮಿತಿ

ಮಿನೆಸೋಟಾದ ಒಂದು ಜಿಲ್ಲೆಯಲ್ಲಿ ಆಂಬುಲೆನ್ಸ್ ಕರೆಗಳನ್ನು ಸ್ವೀಕರಿಸುವ ತಂತ್ರಾಂಶವನ್ನು ರೋಂಡಾ ಹನ್ನೊಂದು ವರ್ಷದಿಂದ ನೋಡಿಕೊಂಡಿದ್ದಳು. ಕರೆ ಬಂದಾಗಲೆಲ್ಲ ಅದು ಹೊಸ ಥ್ರೆಡ್, ಅಂದರೆ ಆ ಕರೆಗೆಂದೇ ಕೆಲಸದ ಒಂದು ಎಳೆ, ತೆರೆಯಬೇಕು. ತೆರೆಯದಿದ್ದರೆ ಕರೆ ಕಡಿದುಹೋಗುತ್ತದೆ. ಜನವರಿಯ ಒಂದು ಸೋಮವಾರ, ಪರೀಕ್ಷೆಗೆಂದು ನಿಜದಲ್ಲಿ ಎಂದೂ ಬಾರದಷ್ಟು ಸುಳ್ಳು ಕರೆಗಳ ರಾಶಿ ಸುರಿದಾಗ ಪರದೆಯ ಮೇಲೆ ದೂರು ಬಂತು: ಮೆಮೊರಿ ಸಾಲದು, ಹೊಸ ಥ್ರೆಡ್ ಆಗದು. ಸಾಲದು ಎಂದವರಿಗೆ ಇನ್ನಷ್ಟು ಬಡಿಸುವುದು ತಾನೇ ಲೋಕಾರೂಢಿ? ಯಂತ್ರದ ಒಟ್ಟು ಎಂಟು ಜಿಬಿ ಮೆಮೊರಿಯಲ್ಲಿ, ತಂತ್ರಾಂಶ ತನ್ನ ಮಾಹಿತಿ ಇಟ್ಟುಕೊಳ್ಳುವ ಸ್ವಂತ ಉಗ್ರಾಣಕ್ಕೆ ನಾಲ್ಕಿದ್ದ ಮಿತಿಯನ್ನು ಅವಳು ಏಳಕ್ಕೆ ಏರಿಸಿದಳು. ಇನ್ನೊಮ್ಮೆ ಪರೀಕ್ಷಿಸಲಿಲ್ಲ.

ಬುಧವಾರ ಬೆಳಿಗ್ಗೆ ಹಿಮಗಾಳಿ ಎದ್ದಿತು, ಕರೆಗಳು ಮುಗಿಬಿದ್ದವು. ಒಂಬತ್ತು ನಿಮಿಷ ಒಂದೇ ಒಂದು ಹೊಸ ಕರೆ ಒಳಗೆ ಬರಲಿಲ್ಲ. ಅಷ್ಟರಲ್ಲಿ ಟೋಯ್ವೋ ಲೆಹ್ತಿನೆನ್ ಎಂಬ ವೃದ್ಧರು ತಮ್ಮ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡರು.

ಕಾರಣ ಹುಡುಕಲು ರೋಂಡಾಗೆ ಎರಡು ದಿನ ಹಿಡಿಯಿತು. ಉಗ್ರಾಣದಲ್ಲಿ ಜಾಗ ಧಾರಾಳವಾಗಿ ಖಾಲಿ ಬಿದ್ದಿತ್ತು. ಆದರೆ ಥ್ರೆಡ್‌ಗಳು ಕೂರುವುದು ಅದರ ಹೊರಗೆ, ಮಿಕ್ಕ ಜಾಗದಲ್ಲಿ. ಅವಳು ಮಿಗಿಸಿದ್ದು ಒಂದೇ ಜಿಬಿ. ಊಟಕ್ಕೆ ಜನ ಹೆಚ್ಚೆಂದು ಹಜಾರದ ತುಂಬ ಅಕ್ಕಿ ಮೂಟೆ ಪೇರಿಸಿ, ಎಲೆ ಹಾಕಲು ಜಾಗವಿಲ್ಲದಂತೆ ಮಾಡಿದ ಹಾಗೆ. ಸೋಮವಾರ ಕೈ ಹಚ್ಚದೆ ಬಿಟ್ಟಿದ್ದರೆ ಬುಧವಾರದ ಕರೆಗಳಷ್ಟನ್ನೂ ಅದು ತಾಳಿಕೊಳ್ಳುತ್ತಿತ್ತು. ಇದು ಗೊತ್ತಾದ ಮೇಲೆ ಅವಳಿಗೆ ಅನ್ನ-ನೀರು ಸೇರಲಿಲ್ಲ.

ಈ ವೃತ್ತಿಯಲ್ಲೊಂದು ಪದ್ಧತಿ: ಅನಾಹುತದ ವರದಿಯಲ್ಲಿ ಯಾರ ಹೆಸರೂ ಬರಕೂಡದು. ಒಳ್ಳೆಯ ಪದ್ಧತಿಯೇ, ಹೆದರಿದವರು ನಿಜ ಹೇಳುವುದಿಲ್ಲ. ಮೇಲಧಿಕಾರಿ ಗ್ಲೆನ್ ಸಿದ್ಧವಾದ ವರದಿಯನ್ನು ಗಟ್ಟಿಯಾಗಿ ಓದಿದ: "ಮಿತಿಯನ್ನು ಏರಿಸಲಾಯಿತು."

"ಅದೇನು, ತಾನಾಗೇ ಏರ್ತಾ?" ಎಂದಳು ರೋಂಡಾ.

"ಸುಮ್ನಿರು ಮಾರಾಯ್ತಿ. ನಿನ್ನಂಥವರ ತಲೆ ಉಳ್ಸೋಕೇ ಈ ಪದ್ಧತಿ ಇರೋದು. ತೀರಿಕೊಂಡವರ ಹೆಂಡತಿಗೂ ಇದರ ಪ್ರತಿ ಕಳಿಸ್ತೀವಿ."

"ಇದನ್ನ ಓದಿ ಅವರಿಗೇನು ತಿಳಿಯುತ್ತೆ? ನಾನೇ ಹೋಗಿ ಹೇಳ್ತೀನಿ."

"ಹೋದ್ರೆ ಕೆಲಸ ಹೋಗುತ್ತೆ. ಆಮೇಲೆ ನನ್ನ ಹತ್ರ ಬಂದು ಅಳಬೇಡ."

ಪ್ರತಿ ತಲುಪಿದ ಮೇಲೆ ಅವಳು ಟೋಯ್ವೋ ಅವರ ಮನೆಗೆ ಹೋದಳು. ಅವರ ಹೆಂಡತಿ ಐನೋ ಲೆಹ್ತಿನೆನ್ ಮೇಜಿನ ಮೇಲಿದ್ದ ವರದಿಯನ್ನು ಪಕ್ಕಕ್ಕೆ ಸರಿಸಿ ಕಾಫಿ ಇಟ್ಟರು. ರೋಂಡಾ ಬಟ್ಟಲು ಮುಟ್ಟಲಿಲ್ಲ.

"ಆ ಮಿತಿ ಏರಿಸಿದವಳು ನಾನು. ನಿಮ್ಮ ಫೋನ್ ನಮ್ಮವರಿಗೆ ಸಿಗದೇ ಹೋಗಿದ್ದು ನನ್ನ ತಪ್ಪಿನಿಂದ."

ಐನೋ ಉಗಿಯುತ್ತಾರೆ, ಉಗಿಯಲಿ ಎಂದು ರೋಂಡಾ ತಲೆ ತಗ್ಗಿಸಿ ಕೂತಳು.

"ಅಂದ್ರೆ, ನನ್ನ ಕರೆ ನಿಮ್ಮಲ್ಲಿಗೆ ಬಂದಿತ್ತಾ?"

"ನಾಲ್ಕು ಸಲ ಬಂದಿತ್ತು. ಬಂದು ಬಂದು ಕಡಿದುಹೋಗಿದೆ."

ಐನೋ ಕುರ್ಚಿ ಎಳೆದು ಕೂತರು. "ಮೂರು ವಾರದಿಂದ ಗಾಬರೀಲಿ ನಾನೇ ತಪ್ಪು ನಂಬರ್ ಒತ್ತಿದೆ ಅಂತ ಅಂದ್ಕೊಂಡಿದ್ದೆ. ಅವರನ್ನ ನಾನೇ ಕೊಂದೆ ಅಂತ. ಮಕ್ಕಳಿಗೂ ಹೇಳಿರ್ಲಿಲ್ಲ."

ಕ್ಷಮಿಸಿದೆ ಎಂದೇನೂ ಅವರು ಹೇಳಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಕೇಳಿದರು: "ನಾಲ್ಕೂ ಸರಿಯಾಗೇ ಒತ್ತಿದ್ನಾ?"

"ನಾಲ್ಕೂ," ಎಂದಳು ರೋಂಡಾ.