ಎಡಗಡೆಯ ಸದ್ದು

ಮುಂಡಪ್ಪನ ಕಾರು ಹಳೆಯದು. ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ಅವನ ಹೋಟೆಲು ಭರದಿಂದ ನಡೆಯುತ್ತಿದ್ದ ಕಾಲದಲ್ಲಿ ಕೊಂಡದ್ದು. ಹೋಟೆಲನ್ನು ತಂಗಿಯ ಮಗನ ಕೈಗೆ ಕೊಟ್ಟು ಕಲ್ಯಾಣದ ಫ್ಲಾಟಿನಲ್ಲಿ ಆರಾಮಾಗಿ ಕೂತ ಮೇಲೂ ಕಾರಿನ ಕೀಲಿಯನ್ನು ಮಾತ್ರ ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಗುರುವಾರ ಬಂತೆಂದರೆ ಹೆಂಡತಿ ಅಕ್ಕುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೀವುಡ್ಸ್‌ನಲ್ಲಿರುವ ಮಗಳು ರಮಿತಾಳ ಮನೆಗೆ ಹೊರಡುವುದು, ಊಟ ಮುಗಿಸಿ ಸಂಜೆಯೊಳಗೆ ಮರಳುವುದು ಅವನ ರೂಢಿ.

ಆ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಅಕ್ಕು ಒಂದು ಮಾತು ಶುರುಮಾಡಿದಳು. "ಗಾಡಿಯ ಮುಂದಿನಿಂದ ಎಂತದೋ ಸದ್ದು ಬರ್ತಾ ಉಂಟು."

"ರಸ್ತೆ ಹಾಗುಂಟು," ಎಂದ ಮುಂಡಪ್ಪ.

ಅವನಿಗೆ ಯಾವ ಸದ್ದೂ ಕೇಳಿಸಿರಲಿಲ್ಲ. ಕೇಳಿಸದೇ ಇರುವುದು ಅದೊಂದೇ ಅಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಗಲ್ಲಾದಲ್ಲಿ ಕೂತೇ ಹೊರಗಿನ ಗಿರಾಕಿಯ ಆರ್ಡರನ್ನೂ ಅಡುಗೆಮನೆಯೊಳಗಿನ ಗೊಣಗಾಟವನ್ನೂ ಒಟ್ಟಿಗೆ ಹಿಡಿಯುತ್ತಿದ್ದ ಕಿವಿ ಅದು. ಈಗ ಎದುರಿಗಿದ್ದವರ ತುಟಿ ನೋಡಬೇಕಾಗುತ್ತಿತ್ತು. ಎಲ್ಲರೂ ನಕ್ಕಾಗ ತಾನೂ ನಕ್ಕು, ಉಳಿದದ್ದಕ್ಕೆಲ್ಲ "ಹೌದೌದು" ಅಂದು ಹೇಗೋ ನಿಭಾಯಿಸುತ್ತಿದ್ದ. ಬಾಯಿಬಿಟ್ಟು ಹೇಳಿದರೆ ರಮಿತಾ ಮೊದಲು ಕೈಚಾಚುವುದು ಕಾರಿನ ಕೀಲಿಗೇ ಎಂಬ ಅಂಜಿಕೆ ಅವನಿಗೆ.

ಅಕ್ಕು ಬಿಡಲಿಲ್ಲ. ಕೊನೆಗೆ ಅವಳ ಸಮಾಧಾನಕ್ಕೆಂದು ಅವನು ಕಾರನ್ನು ವಿಠ್ಠಲವಾಡಿಯ ಸಂದೇಶನ ಗ್ಯಾರೇಜಿಗೆ ಒಯ್ದ. ಸಂದೇಶ ಹುಟ್ಟಿ ಬೆಳೆದದ್ದು ಡೊಂಬಿವಿಲಿಯಲ್ಲಿ. ಅಪ್ಪ ಅಮ್ಮ ಕಾರ್ಕಳದ ಕಡೆಯವರು. ಅವನ ಕನ್ನಡದಲ್ಲಿ ಅರ್ಧ ಹಿಂದಿಯೇ.

"ಅಂಕಲ್, ಆವಾಜ್ ಯಾವಾಗ ಬರ್ತದೆ? ಟರ್ನ್ ಹೊಡೆಯುವಾಗಾ, ಬ್ರೇಕ್ ಹೊಡೆಯುವಾಗಾ, ಇಲ್ಲ ಹೊಂಡದಲ್ಲಾ?"

ಮುಂಡಪ್ಪ ಏನಾದರೊಂದು ಹೇಳಬೇಕಿತ್ತು. "ಟರ್ನ್ ಮಾಡುವಾಗ," ಎಂದುಬಿಟ್ಟ.

ಸಂದೇಶ ಗ್ಯಾರೇಜಿನ ಮುಂದಿನ ಹೊಸ ಕಾಂಕ್ರೀಟ್ ಗಲ್ಲಿಯಲ್ಲಿ ಒಂದು ಸುತ್ತು ಹೊಡೆದು ಬಂದ. ನುಣುಪು ರಸ್ತೆಯಲ್ಲಿ ಸದ್ದು ಬರಲಿಲ್ಲ. ಬಗ್ಗಿ ನೋಡಿದರೆ ಚಕ್ರಕ್ಕೆ ಹೋಗುವ ಎಕ್ಸೆಲಿನ ರಬ್ಬರ್ ಹರಿದು ಗ್ರೀಸೆಲ್ಲ ಹೊರಗೆ ಬಂದಿತ್ತು. ತಿರುವಿನಲ್ಲಿ ಸದ್ದು ಅಂದಮೇಲೆ ಎಕ್ಸೆಲ್ಲೇ ಇರಬೇಕು ಎಂದುಕೊಂಡು ಅದನ್ನು ಬದಲಿಸಿಕೊಟ್ಟ. ಮುಂಡಪ್ಪನಿಗೂ ಒಂದು ಕೆಲಸ ಮುಗಿಯಿತೆಂದು ಹಾಯೆನಿಸಿತು.

ಮುಂದಿನ ಗುರುವಾರ ಪತ್ರಿ ಪುಲ್ ಸೇತುವೆ ಇಳಿದು ಶೀಳ್ ರಸ್ತೆ ಹಿಡಿದಿದ್ದರಷ್ಟೆ. ಅಕ್ಕು ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಸದ್ದು ಹೋಗಲಿಲ್ಲ. ಮೊದಲಿಗಿಂತ ಜಾಸ್ತಿ ಆಗಿದೆ."

"ರಿಪೇರಿ ಆಗಿದೆಯಲ್ಲ. ನಿನಗೆ ಸುಮ್ಮನೆ ಹಾಗೆ ಕಾಣ್ತದೆ."

ಇನ್ನೂ ಸ್ವಲ್ಪ ದೂರ ಹೋದ ಮೇಲೆ ಅಕ್ಕು, "ಗಾಡಿ ಸ್ವಲ್ಪ ಬದಿಗೆ ಹಾಕಿ," ಎಂದಳು. ವಾಂತಿ ಬಂತೋ ಏನೋ ಎಂದು ಮುಂಡಪ್ಪ ಒಂದು ಮುಚ್ಚಿದ ಅಂಗಡಿಯ ಮುಂದೆ ನಿಲ್ಲಿಸಿದ. ಅವಳು ಕೈಚೀಲ ಎತ್ತಿಕೊಂಡು ಇಳಿದಳು. ಕಿಟಕಿಯ ಬಳಿ ಬಗ್ಗಿ, "ನಾನು ರಿಕ್ಷಾ ಮಾಡಿ ಸ್ಟೇಷನ್ನಿಗೆ ಹೋಗ್ತೇನೆ. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿದರೆ ಸೀವುಡ್ಸ್‌ಗೆ ಸಿಗ್ತದೆ. ನೀವು ನಿಧಾನ ಬನ್ನಿ," ಎಂದಳು. ಸಿಟ್ಟಿನ ಮಾತಲ್ಲ. ತರಕಾರಿ ತರುತ್ತೇನೆ ಅನ್ನುವಷ್ಟೇ ಸಲೀಸಾಗಿ ಹೇಳಿದ್ದಳು.

ಮದುವೆಯಾದಂದಿನಿಂದ ಅಕ್ಕು ಹೀಗೆ ನಡುದಾರಿಯಲ್ಲಿ ಇಳಿದವಳಲ್ಲ. ಮುಂಡಪ್ಪ ಇಂಜಿನ್ ಆರಿಸಿ ಕೆಳಗಿಳಿದ. ಅಂಗಡಿಯ ಕಟ್ಟೆಯ ಹತ್ತಿರ ಅವಳನ್ನು ನಿಲ್ಲಿಸಿದ. ಟ್ರಕ್ಕುಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು.

"ನನಗೆ ಆ ಸದ್ದು ಕೇಳುವುದಿಲ್ಲ ಅಕ್ಕು," ಎಂದ. "ಸಂದೇಶ ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ. ನನಗೆ ಸುಮಾರು ಸಮಯದಿಂದ ಸರಿಯಾಗಿ ಕೇಳುವುದಿಲ್ಲ."

"ಅದು ಗೊತ್ತುಂಟು ನನಗೆ."

"ಗೊತ್ತುಂಟಾ? ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ." ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಕುಕ್ಕರ್ ಎಷ್ಟು ಕೂಗಿದರೂ ಪಕ್ಕದಲ್ಲಿ ಕೂತು ಪೇಪರ್ ಓದ್ತೀರಿ. ಒಂದೇ ಮನೆಯಲ್ಲಿದ್ದು ಅಷ್ಟೂ ತಿಳಿಯುವುದಿಲ್ಲವಾ?"

ಮುಂಡಪ್ಪನಿಗೆ ನಾಚಿಕೆಯಾಯಿತು. ಜೊತೆಗೆ ಬಹಳ ದಿನದಿಂದ ಹೊತ್ತ ಚೀಲವೊಂದನ್ನು ಕೆಳಗಿಟ್ಟಂತೆ ಹಗುರವೂ ಆಯಿತು. ಅಕ್ಕು ಮರಳಿ ಕಾರಿನಲ್ಲಿ ಕೂತಳು, ಆದರೆ ಒಂದು ಷರತ್ತಿನ ಮೇಲೆ: ಸೀವುಡ್ಸ್‌ಗೆ ಆಮೇಲೆ, ಮೊದಲು ಗ್ಯಾರೇಜಿಗೆ. ಅವನು ಬದಿಯ ಲೇನ್ ಬಿಡದೆ, ಹೊಂಡ ತಪ್ಪಿಸುತ್ತ ನಿಧಾನವಾಗಿ ವಿಠ್ಠಲವಾಡಿಗೆ ತಂದ.

ಸಂದೇಶನೆದುರು ಈ ಸಲ ಅವನು ಸುತ್ತಿ ಬಳಸಲಿಲ್ಲ. "ಅವತ್ತು ನಾನು ಹೇಳಿದ್ದು ಅಂದಾಜಿನ ಮಾತು ಮಾರಾಯ. ನನ್ನ ಕಿವಿ ಮಂದ. ಸದ್ದು ಕೇಳುವುದು ಇವಳಿಗೆ."

ಸಂದೇಶ ಇಬ್ಬರನ್ನೂ ನೋಡಿದ. "ನಾನೂ ಹೊಂಡದ ರೋಡಿಗೆ ಒಯ್ದು ನೋಡ್ಬೇಕಿತ್ತು ಅಂಕಲ್. ನನ್ನದೂ ತಪ್ಪುಂಟು. ಚಲಾ, ಮೂರೂ ಜನ ಹೋಗುವ."

ರೈಲು ಹಳಿಯ ಪಕ್ಕದ ಕಿತ್ತುಹೋದ ರಸ್ತೆಗೆ ಹೋದರು. ಮುಂಡಪ್ಪ ಸ್ಟೇರಿಂಗ್ ಹಿಡಿದಿದ್ದ, ಅಕ್ಕು ತನ್ನ ಜಾಗದಲ್ಲಿ, ಸಂದೇಶ ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಮೊದಲ ಹಂಪ್ ಹತ್ತಿ ಇಳಿದಾಗ ಅಕ್ಕು ಬೆರಳೆತ್ತಿದಳು.

"ಇದೇ. ಪಾತ್ರೆಗೆ ಸೌಟು ಬಡಿದ ಹಾಗೆ. ನನ್ನ ಕಾಲ ಹತ್ತಿರ."

"ಟರ್ನ್‌ನಲ್ಲಿ?"

"ಟರ್ನ್‌ನಲ್ಲಿ ಇಲ್ಲ. ಹತ್ತುವಾಗಲೂ ಇಲ್ಲ, ಇಳಿಯುವಾಗ ಮಾತ್ರ."

ಆಗ ಮುಂಡಪ್ಪನಿಗೆ ಒಂದು ವಿಷಯ ಹೊಳೆಯಿತು. ಇಷ್ಟು ದಿನ ಸದ್ದಿನ ಮಾತು ಬಂದರೆ ಸಾಕು, ಅವನ ಮನಸ್ಸು ಬಾಗಿಲು ಹಾಕಿಕೊಳ್ಳುತ್ತಿತ್ತು. ಹಾಗಾಗಿ ಕೈಕಾಲಿಗೆ ತಿಳಿದದ್ದನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. "ಬ್ರೇಕ್ ಒತ್ತುವಾಗ ಕೆಳಗೆ ಒಂದು ಸಣ್ಣ ಪೆಟ್ಟು ಬೀಳ್ತದೆ, ಪಾದಕ್ಕೆ ಗೊತ್ತಾಗ್ತದೆ. ತಿರುಗಿಸಿ ಬಿಟ್ಟರೆ ಸ್ಟೇರಿಂಗ್ ಮೊದಲಿನ ಹಾಗೆ ತಾನೇ ವಾಪಸು ಬರುವುದೂ ಇಲ್ಲ. ನಾನು ಎಳೆದು ತರ್ಬೇಕು."

ಸಂದೇಶ ಸೀಟಿಗೆ ಒರಗಿದ. "ಬಸ್, ಸಾಕು. ಗಾಡಿ ತಿರುಗಿಸಿ. ಆರಾಮ್ ಸೆ, ನಿಧಾನ."

ಗ್ಯಾರೇಜಿನಲ್ಲಿ ಅವನು ಮುಂದಿನ ಎಡಚಕ್ರವನ್ನು ಜ್ಯಾಕಿನ ಮೇಲೆತ್ತಿದ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿ ನೋಡಿದ. ಆಮೇಲೆ ಉದ್ದನೆಯ ಕಬ್ಬಿಣದ ಸಲಾಕೆಯನ್ನು ಚಕ್ರದ ಹಿಂದೆ ತೂರಿಸಿ ಮೆಲ್ಲಗೆ ಮೀಟಿದ. ಚಕ್ರವನ್ನು ಕೆಳಗಿನ ತೋಳಿಗೆ ಜೋಡಿಸುವ ಗುಂಡುಕೀಲು, ಅವರ ಮಾತಿನಲ್ಲಿ ಬಾಲ್ ಜಾಯಿಂಟು, ಗೂಡಿನೊಳಗೆ ಮೇಲೆ ಕೆಳಗೆ ಆಡುವುದು ಕಣ್ಣಿಗೇ ಕಾಣಿಸಿತು. ಮುಂಡಪ್ಪನನ್ನು ಹತ್ತಿರ ಕರೆದು ಅದರ ಮೇಲೆ ಕೈ ಇಡಿಸಿದ. ಪ್ರತಿ ಸಲ ಮೀಟಿದಾಗಲೂ ಬೆರಳಿಗೆ ಟಕ್ಕೆಂದು ತಾಗಿತು.

"ಇದು ಕಳಚಿದ್ರೆ ಚಕ್ರ ಹೊರಗೆ ಮಗುಚ್ತದೆ ಅಂಕಲ್. ಗಾಡಿ ನಿಮ್ಮ ಕೈಯಲ್ಲಿ ಇರುದಿಲ್ಲ."

ಮುಂಡಪ್ಪ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದ. ಸೀವುಡ್ಸ್‌ಗೆ ಹೋಗುವ ದಾರಿಯ ಇಳಿಜಾರು, ಪಕ್ಕದಲ್ಲಿ ಓಡುವ ಕಂಟೇನರ್ ಲಾರಿಗಳು ಕಣ್ಣಮುಂದೆ ಬಂದವು. ಹಿಡಿ ಹಿಡಿದುಕೊಂಡು ಕೂತಿದ್ದ ಅಕ್ಕುವಿನ ಕೈಯೂ ನೆನಪಾಯಿತು. ಎದ್ದು ಅವಳ ಹತ್ತಿರ ಹೋಗಿ, "ನೀನು ಇಳಿದದ್ದು ಒಳ್ಳೆಯದಾಯಿತು," ಎಂದ. ಅವಳು "ಹ್ಞೂಂ" ಎಂದು ಪಕ್ಕದ ಖಾಲಿ ಕುರ್ಚಿಯನ್ನು ಅವನತ್ತ ಸರಿಸಿದಳು.

ಹೊಸ ಭಾಗ ಉಲ್ಹಾಸನಗರದಿಂದ ಬಂದು ಕೂತು ಮುಗಿಯುವಾಗ ಮಧ್ಯಾಹ್ನ ಜಾರಿತ್ತು. ರಮಿತಾಳ ಮನೆ ತಲುಪಿದ್ದು ಸಂಜೆಗೆ. ಯಾಕೆ ತಡವಾಯಿತೆಂದು ಅವಳು ಕೇಳಿದಾಗ ಮುಂಡಪ್ಪನೇ ಎಲ್ಲವನ್ನೂ ಹೇಳಿದ, ಕಿವಿಯದ್ದನ್ನೂ ಸೇರಿಸಿ.

"ಹಾಗಾದ್ರೆ ಡ್ರೈವಿಂಗ್, ಪಪ್ಪಾ?"

"ಡಾಕ್ಟರ್ ಬೇಡ ಅಂದರೆ ಬಿಡ್ತೇನೆ."

ಆ ಮಾತು ಹೇಳುವುದು ಅವನಿಗೆ ಸುಲಭವಿರಲಿಲ್ಲ. ಆದರೂ ಹೇಳಿದ. ರಮಿತಾ ಕೀಲಿ ಕೇಳಲಿಲ್ಲ. ಫೋನು ತೆಗೆದು ವಾಶಿಯಲ್ಲಿ ಕಿವಿಯ ಡಾಕ್ಟರನ್ನು ಹುಡುಕತೊಡಗಿದಳು.

ಡಾಕ್ಟರು ಬೇಡ ಅನ್ನಲಿಲ್ಲ. ಎಡಕಿವಿ ಹೆಚ್ಚು ಮಂದವಾಗಿದೆ, ಶ್ರವಣಯಂತ್ರ ಹಾಕಿಕೊಂಡು ಗಾಡಿ ಓಡಿಸಬಹುದು ಎಂದರು. ಯಂತ್ರ ಹಾಕಿಕೊಂಡ ಮೊದಲ ಗುರುವಾರ ಶೀಳ್ ರಸ್ತೆಯಲ್ಲಿ ಹಾರ್ನು, ಬ್ರೇಕು, ರಿಕ್ಷಾಗಳ ಗುರುಗುಟ್ಟುವಿಕೆ ಎಲ್ಲ ಒಟ್ಟಿಗೆ ನುಗ್ಗಿ ಬಂದಾಗ ಮುಂಡಪ್ಪ ಮುಖ ಕಿವುಚಿದ.

"ಇಷ್ಟು ಗಲಾಟೆಯ ಊರಲ್ಲಾ ನಾವು ಇರುವುದು?"

"ಮತ್ತೆ?" ಎಂದು ಅಕ್ಕು ತನ್ನ ಬದಿಯ ಗಾಜು ಏರಿಸಿದಳು.