ಡಾಜ್ ಗಾಡಿಯ ಹಿತ್ತಾಳೆ ತಗಡು

ಮೋಟರು ಪರೀಕ್ಷೆ ಮಾಡುವ ಬ್ರೇಕ್ ಇನ್ಸ್‌ಪೆಕ್ಟರ್ ಆದೋನಿಗೆ ಬರುವುದು ತಿಂಗಳಿಗೆ ಒಂದೇ ಸಲ. ಆ ದಿನ ಮೋಟರು ಇಟ್ಟುಕೊಂಡವರೆಲ್ಲ ತಮ್ಮ ಕಾರು, ಲಾರಿ, ಬಸ್ಸು ತಂದು ಸರ್ಕಾರಿ ಬಂಗ್ಲೆಯ ಮುಂದಿನ ಬೇವಿನ ಮರಗಳ ಕೆಳಗೆ ಸಾಲಾಗಿ ನಿಲ್ಲಿಸಿ ಕಾಯಬೇಕು. ಡ್ರೈವರ್ ದಸ್ತಗಿರಿ ಆಲೂರಿನಿಂದ ಹದಿನೈದು ಮೈಲಿ ಡಾಜ್ ಗಾಡಿ ಓಡಿಸಿಕೊಂಡು ಬೆಳಿಗ್ಗೆ ಎಂಟಕ್ಕೇ ಬಂದು ನಿಂತಿದ್ದ. ಈಗ ಹನ್ನೆರಡಾಗುತ್ತ ಬಂದಿತ್ತು. ನೆರಳು ಸರಿದಂತೆ ಎರಡು ಸಲ ಗಾಡಿಯನ್ನೂ ಸರಿಸಿದ್ದ.

ಗಾಡಿ ಆಲೂರಿನ ಹತ್ತಿ ವ್ಯಾಪಾರಿ ಸೋಮಶೇಖರಪ್ಪನವರದು. ಅವರು ತೀರಿಕೊಂಡು ವರ್ಷವಾಗಿತ್ತು. ಗಾಡಿಯ ರಿಜಿಸ್ಟ್ರೇಷನ್ ಬುಕ್ಕು ಮಗ ಮರಿಬಸಪ್ಪನ ಹೆಸರಿಗೆ ಬದಲಾಗಬೇಕಿತ್ತು. ಹಳೆಯ ಬುಕ್ಕು ಬಳ್ಳಾರಿಯದು. ಆದೋನಿ, ಆಲೂರು ತಾಲೂಕುಗಳು ಕರ್ನೂಲು ಜಿಲ್ಲೆಗೆ ಸೇರಿ ನಾಲ್ಕು ವರ್ಷವಾದರೂ ಅದರ ಕಡೆ ಯಾರೂ ಗಮನ ಕೊಟ್ಟಿರಲಿಲ್ಲ. ಮೂರು ದಿನದ ಹಿಂದೆಯೇ ಮರಿಬಸಪ್ಪ ಹೇಳಿದ್ದು ಇಷ್ಟು: “ಪಾಸಾದ್ರ ಗಾಡಿ ಇರ್ಲಿ, ಅವ್ವ ಓಡಾಡಾಕ ಆಗ್ತೈತಿ. ಇಲ್ಲಾಂದ್ರ ಎಂಜಿನ್ ಬಿಚ್ಚಿ ಹೊಲದ ಬಾವಿಗೆ ಕುಂಡ್ರಿಸೋಣು. ಆಯಿಲ್ ಎಂಜಿನ್ನಿಗೆ ಅರ್ಜಿ ಬರದು ಎಂಟು ತಿಂಗಳಾತು, ಇನ್ನಾ ಸುದ್ದಿಲ್ಲ. ಉಳಿದದ್ದನ್ನ ಕೊಯ್ದು ಗುಜರಿಗೆ ಹಾಕಿಬಿಡು.”

ಕೊಯ್ಯುವ ಮಾತು ಕೇಳಿದ ಮೇಲೆ ದಸ್ತಗಿರಿಗೆ ಮೂರು ದಿನದಿಂದ ಸರಿಯಾಗಿ ಊಟ ಸೇರಿರಲಿಲ್ಲ. ಪಾಸಾಗುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೂ ಸೇರಿರಲಿಲ್ಲ.

ಇನ್ಸ್‌ಪೆಕ್ಟರ್ ಕರ್ನೂಲಿನ ಕಡೆಯ ತೆಲುಗಿನವರು, ವಯಸ್ಸಾದವರು. ಗಾಡಿಯ ಸುತ್ತ ಒಂದು ಸುತ್ತು ಬಂದು ಬಾಗಿಲು ತೆಗೆದು ಸೀಟನ್ನು ಬೆರಳಿನಿಂದ ಒತ್ತಿ ನೋಡಿದರು.

“ಇದೇಮಿ?”

“ಜವಾರಿ ಹತ್ತಿ ಸಾರ್. ಒಳಗಿನ ಸ್ಪ್ರಿಂಗ್ ಮುರದುವು. ಹತ್ತಿ ತುಂಬಿಸೀವಿ.”

ಬಗ್ಗಿ ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿಗಳನ್ನು ತೋರಿಸಿದರು. “ಈ ಪಟ್ಟೀಲು?”

“ಆಸ್ಪರಿ ಕಮ್ಮಾರರು ಬಡದಿದ್ದು. ಎರಿ ಹೊಲದ ದಾರಿ ನೋಡ್ರಿ, ಗಾಡಿ ನಾಕು ಬಟ್ಟು ಎತ್ತರ ಮಾಡೀವಿ. ಕೆಳಗಿನ ಹಲಗಿ ಜಾಲಿದು.”

“ಇಂಜನು?”

“ಮಿಲಿಟರಿದು. ಯುದ್ಧದಾಗ ಪೆಟ್ರೋಲ್ ಇರ್ಲಿಲ್ಲಲ್ರಿ, ಇದ್ದಲಿ ಗ್ಯಾಸಿನ ಮ್ಯಾಲ ಓಡಿಸಿ ಹಳೇದು ಸುಟ್ಟು ಹೋತು.”

ಇನ್ಸ್‌ಪೆಕ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಮರಿ ಅಮೆರಿಕಾದಿ ಏಮುಂದಯ್ಯಾ ಇಂದುಲೋ?”

ಪಕ್ಕದ ಲಾರಿಯ ಡ್ರೈವರ್ ಬೀಡಿ ಬಾಯಿಂದ ತೆಗೆದು, “ಅಮೆರಿಕದ್ದು ಏನೈತಿ ಅಂದ್ರ, ಟಗರು ಐತಲ್ರಿ ಸಾರ್” ಎಂದ. ಬಾನೆಟ್ಟಿನ ತುದಿಯಲ್ಲಿ ಹಾರಲು ನಿಂತಂತಿದ್ದ ಟಗರಿನ ಗೊಂಬೆಯ ಹಣೆಗೆ ಆ ದಿನದ ವಿಭೂತಿ ಇತ್ತು. ಸುತ್ತ ನಿಂತವರು ನಕ್ಕರು. ದಸ್ತಗಿರಿಯೂ ನಕ್ಕ. ಇಂಥ ನಗೆ ಅವನಿಗೆ ಹೊಸದಲ್ಲ. ಆಲೂರಿನಲ್ಲಿ ಈ ಗಾಡಿಗೆ ಜವಾರಿ ಅಮೆರಿಕ ಎಂದೇ ಹೆಸರು.

“ಸರೇ, ನಂಬರು ಚೂಪಿಂಚು.”

ಇದಕ್ಕಾಗಿಯೇ ಕಾದಿದ್ದವನಂತೆ ದಸ್ತಗಿರಿ ಬಾನೆಟ್ಟು ಎತ್ತಿದ. ಎಂಜಿನ್ನಿನ ಹಿಂದಿನ ಗೋಡೆಗೆ ಕಂಪನಿಯವರು ಗಾಡಿಯ ನಂಬರು ಒತ್ತಿ ಬಡಿದಿದ್ದ ಅಂಗೈಯಗಲದ ಹಿತ್ತಾಳೆ ತಗಡು ಬಿಸಿಲಿಗೆ ಫಳಫಳ ಹೊಳೆಯಿತು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಕನ್ನಡಕ ಮೇಲೆತ್ತಿ ನೋಡಿದರು. ಅವರಿಗೆ ಕಂಡದ್ದು ಅವರದೇ ಮೀಸೆ.

“ಇದೇಮಿಟಯ್ಯಾ, ಅದ್ದಂ ಲಾಗಾ ಉಂದಿ? ಕನ್ನಡಿ! ಅಕ್ಷರಾಲು ಏವಿ?”

ಅವರು ಜೇಬಿನಿಂದ ಒಂದು ತೆಳು ಕಾಗದ ತೆಗೆದು ತಗಡಿನ ಮೇಲೆ ಹಿಡಿದು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿದರು. ಉಬ್ಬು ತಗ್ಗು ಇದ್ದರೆ ಅಂಕಿಗಳು ಕಾಗದದ ಮೇಲೆ ಏಳಬೇಕು. ಕಾಗದ ಒಂದೇ ಸಮ ಬೂದಿ ಬಣ್ಣಕ್ಕೆ ತಿರುಗಿತು. ಮೂಲೆಯಲ್ಲಿ ಒಂದು ಏಳೋ ಒಂದೋ ಇದ್ದಂತೆ ಗೀಟು ಬಿತ್ತು, ಅಷ್ಟೇ.

“ಫ್ರೇಮ್ ಮೇಲೆ ಒಂದು ಇರ್ತದಲ್ಲ?” ಎಂದು ಅವರು ಈಗ ಕನ್ನಡದಲ್ಲೇ ಕೇಳಿದರು.

ಅದು ಎಲ್ಲಿದೆ ಎಂಬುದು ದಸ್ತಗಿರಿಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಫ್ರೇಮು ಬಿರುಕು ಬಿಟ್ಟಾಗ ತಾನೇ ಕಬ್ಬಿಣದ ಪಟ್ಟಿ ಕಾಯಿಸಿ ರಿವಿಟ್ ಹೊಡೆದಿದ್ದ. ನಂಬರು ಅದರ ಕೆಳಗೆ, ರಿವಿಟಿನ ತೂತುಗಳಲ್ಲಿ ಹೋಗಿತ್ತು. ಅವನು ಹೇಳಿದ. ಇನ್ಸ್‌ಪೆಕ್ಟರ್ ಕಾಗದ ಮಡಚಿ ಜೇಬಿಗಿಟ್ಟರು.

“ತಗಡು ಯಾರು ತಿಕ್ಕಿದ್ದು?”

“ನಾನ ಸಾರ್.”

“ಎಷ್ಟು ವರ್ಷ?”

“ಹತ್ತೊಂಬತ್ತು.”

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಕೈಮುಗಿದು ಏನಾದರೂ ಕೇಳಬಹುದಿತ್ತು. ಯಾವ ಗಾಡಿ ಎಂದು ತಿಳಿಯದ ಗಾಡಿಯನ್ನು ಯಾರ ಹೆಸರಿಗೂ ಬರೆಯಲು ಬರುವುದಿಲ್ಲ, ಊರು ಮುಟ್ಟುವತನಕ ಓಡಿಸಿಕೊಂಡು ಹೋಗು, ಆಮೇಲೆ ರಸ್ತೆಗೆ ತರಬೇಡ ಎಂದು ಹೇಳಿ ಬುಕ್ಕಿನಲ್ಲಿ ಎರಡು ಸಾಲು ಬರೆದು ಕೈಗೆ ಕೊಟ್ಟರು. ಮುಂದಿನ ಲಾರಿಯ ಕಡೆ ನಡೆದರು.

ದಸ್ತಗಿರಿ ವಾಪಸು ಬರುವಾಗ ಗಾಡಿಯನ್ನು ಎಲ್ಲೂ ಜೋರಾಗಿ ಬಿಡಲಿಲ್ಲ.

ಗಾಡಿ ಬಂದದ್ದು ಮೂವತ್ತೆಂಟರಲ್ಲಿ, ಮದ್ರಾಸಿನಿಂದ ರೈಲಿನಲ್ಲಿ. ಆಗ ಅವನು ಸೋಮಶೇಖರಪ್ಪನವರ ಹತ್ತಿ ಬಂಡಿ ಹೊಡೆಯುತ್ತಿದ್ದ. ಜೊತೆಗೆ ಬಂದ ಡ್ರೈವರ್ ಒಂದು ತಿಂಗಳಿದ್ದು ಕಲಿಸಿಕೊಟ್ಟು ಹೋದ. ಆ ಹಿತ್ತಾಳೆ ತಗಡಿನ ಅಕ್ಷರ ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಸೋಮಶೇಖರಪ್ಪನವರ ಮುದುಕಿ ತಾಯಿ ನೋಡಿ, “ನಮ್ಮ ಕೊಳ್ಳಾಗ ಲಿಂಗ ಇದ್ದಂಗ ಗಾಡಿಗೆ ಅದು. ಹೊಲಸಾಗಾಕ ಬಿಡಬ್ಯಾಡ” ಎಂದಿದ್ದಳು. ಅಂದಿನಿಂದ ಪ್ರತಿ ಸೋಮವಾರ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ತಿಕ್ಕುವುದು ನಡೆದುಬಂತು. ಅದು ಬರೀ ನಂಬರು ಎಂದು ಆಮೇಲೆ ದಸ್ತಗಿರಿಗೆ ತಿಳಿದಿತ್ತು. ತಿಳಿದ ಮೇಲೂ ಕೈ ನಿಲ್ಲಲಿಲ್ಲ.

ಯಾಕೆ ಇಷ್ಟು ಹಚ್ಚಿಕೊಂಡೆ ಎಂದು ಅವನ ಹೆಂಡತಿ ಮಾರೆಮ್ಮ ಎಷ್ಟೋ ಸಲ ಕೇಳಿದ್ದಳು. “ಮೂರು ಮಕ್ಕಳ ಮೈ ತಿಕ್ಕಿಲ್ಲ ನೀನು, ಅದರ ಮೈ ತಿಕ್ಕತೀದಿ” ಎನ್ನುತ್ತಿದ್ದಳು. ಅವನಿಗೆ ತಾನು ಮೊದಲು ಹೊಡೆಯುತ್ತಿದ್ದ ಬಂಡಿಯ ಎತ್ತುಗಳು ನೆನಪಾಗುತ್ತಿದ್ದವು. ಎತ್ತು ಇವತ್ತು ಎಳೆದು ನಾಳೆ ಮಲಗುತ್ತದೆ. ಯಾಕೆ ಅಂತ ಹೇಳುವುದಿಲ್ಲ. ಗಾಡಿ ಹಾಗಲ್ಲ. ಕೆಟ್ಟರೆ ಕೆಟ್ಟದ್ದಕ್ಕೆ ಕಾರಣವಿರುತ್ತಿತ್ತು, ಹುಡುಕಿದರೆ ಸಿಗುತ್ತಿತ್ತು. ಅವನು ಬಿಗಿ ಮಾಡಿದ ನಟ್ಟು ಬಿಗಿಯಾಗಿ ಉಳಿಯುತ್ತಿತ್ತು. ಅಮೆರಿಕದಲ್ಲಿ ಯಾರೋ ತಮ್ಮ ರಸ್ತೆಗೆ ಮಾಡಿದ್ದನ್ನು ಅವನು ಆಲೂರಿನ ರಸ್ತೆಗೆ ಮಾಡಿಕೊಂಡಿದ್ದ. ಧಣಿ ಸೋಮಶೇಖರಪ್ಪನವರ ಹೆಂಡತಿ ಮಹಾಂತಮ್ಮನವರ ಮೊಣಕಾಲು ಹಿಡಿದುಕೊಂಡಾಗ ಫುಟ್‌ಬೋರ್ಡಿನ ಕೆಳಗೆ ಇನ್ನೊಂದು ಮೆಟ್ಟಿಲು ಜೋಡಿಸಿದ್ದ. ಹೊಸ ಕಾರುಗಳಲ್ಲಿ ಬಗ್ಗಿ ತೂರಿಕೊಂಡು ಕೂರಬೇಕು. ಇದರಲ್ಲಿ ಅವರು ಪಡಸಾಲೆಗೆ ಹತ್ತಿದಂತೆ ಹತ್ತಿ ಕೂರುತ್ತಿದ್ದರು.

ಸುದ್ದಿ ಕೇಳಿ ಮರಿಬಸಪ್ಪ ಬುಕ್ಕು ತಿರುವಿ ನೋಡಿ ಪಕ್ಕಕ್ಕಿಟ್ಟ.

“ನಿನಗ ಬೈಯಾಕ ಬರಂಗಿಲ್ಲ. ನಮ್ಮವ್ವನೂ ಹುಣಸಿಹಣ್ಣು ಕೊಟ್ಟಾಳ” ಎಂದ. “ಗುಂತಕಲ್ಲಿನ್ಯಾಗ ಗುಜರಿ ಜಂಬಪ್ಪನ ಹತ್ರ ಇಂಥದ ಒಂದು ಡಾಜ್ ಬಿದ್ದೈತಂತ. ಅದರ ತಗಡು, ಬುಕ್ಕು ಎರಡೂ ಕೊಡ್ತಾನಂತ. ತಂದು ಬಡಿ. ಆ ಕಡೆ ಅನಂತಪುರ ಜಿಲ್ಲಾ, ಇನ್ಸ್‌ಪೆಕ್ಟರ್ ಬ್ಯಾರೆ. ಆಗಂಗಿದ್ರ ಆಗ್ಲಿ. ಇಲ್ಲಾಂದ್ರ ತಿಂಗಳು ಮುಗಿಯೋದ್ರಾಗ ಎಂಜಿನ್ ಬಾವಿಗೆ ಬರ್ಬೇಕು. ಶೇಂಗಾ ನೀರು ಕೇಳಾಕ ಹತ್ಯಾವ.”

ಮರುದಿನ ದಸ್ತಗಿರಿ ಬಸ್ಸಿನಲ್ಲಿ ಗುಂತಕಲ್ಲಿಗೆ ಹೋದ. ಜಂಬಪ್ಪನ ಗುಜರಿ ರೈಲು ಹಳಿಯ ಆಚೆ, ಜಾಲಿ ಬೇಲಿಯ ಒಳಗೆ. ಅವನು ಕುರ್ಚಿ ಬಿಟ್ಟು ಏಳದೆ ಕೈಯಿಂದ ತೋರಿಸಿದ.

“ಅಗೋ ನೋಡು ಮಾವ, ನಿನ್ನ ಗಾಡಿಗೆ ಅಣ್ಣ ಆಗ್ಬೇಕು. ಉಳಿ ಸುತ್ತಿಗಿ ಅಲ್ಲೇ ಅದಾವ.”

ಗಾಡಿ ಗಾಲಿಗಳಿಲ್ಲದೆ ನೆಲಕ್ಕೆ ಕೂತಿತ್ತು. ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಬಾನೆಟ್ಟು ಎತ್ತಿದಾಗ ಎಂಜಿನ್ ಇರಬೇಕಾದಲ್ಲಿ ಹುಲ್ಲು ಬೆಳೆದಿತ್ತು. ಹಿಂದಿನ ಗೋಡೆಯ ಮೇಲೆ ತಗಡು ಇತ್ತು, ಎಣ್ಣೆ ಧೂಳು ಮೆತ್ತಿ ಕರ್ರಗಾಗಿ. ದಸ್ತಗಿರಿ ಹೆಬ್ಬೆರಳಿನಿಂದ ಒರೆಸಿದ. ಒಂದೊಂದಾಗಿ ಅಂಕಿಗಳೆಲ್ಲ ಎದ್ದವು, ನಿನ್ನೆ ಒತ್ತಿದಷ್ಟು ಸ್ಪಷ್ಟವಾಗಿ. ಕಂಪನಿಯ ಹೆಸರು, ಊರಿನ ಹೆಸರು, ಎಲ್ಲ.

ಈ ತಗಡಿಗೆ ಯಾರೂ ಕೈ ಹಚ್ಚಿರಲಿಲ್ಲ. ಅದಕ್ಕೇ ಉಳಿದಿತ್ತು.

ಅವನು ಉಳಿಯನ್ನು ರಿವಿಟಿಗೆ ಆನಿಸಿದ. ಸುತ್ತಿಗೆ ಎತ್ತಲಿಲ್ಲ. ಹಾಗೇ ಒಂದಿಷ್ಟು ಹೊತ್ತು ಬಗ್ಗಿ ನಿಂತ. ಸೊಂಟ ನೋಯತೊಡಗಿದಾಗ ಎದ್ದು ಬಾಗಿಲ ಕಡೆ ಬಂದ. ಹಿಂದಿನ ಬಾಗಿಲಿನಲ್ಲಿ ಕಿಟಕಿಯ ಗಾಜು ಏರಿಸಿ ಇಳಿಸುವ ಹಿಡಿಕೆ ಇನ್ನೂ ಇತ್ತು, ಕಂದು ಬಣ್ಣದ ಗುಂಡಿಯ ಸಮೇತ. ಮಹಾಂತಮ್ಮನವರ ಕಡೆಯ ಬಾಗಿಲಿನ ಹಿಡಿಕೆ ಒಡೆದು ಹನ್ನೊಂದು ವರ್ಷ. ಅಲ್ಲಿ ಬಡಿಗ ಮಾಡಿಕೊಟ್ಟ ಮರದ ತುಂಡು ಇತ್ತು, ತಿರುವಿದರೆ ಕಿರ್ರ್ ಎನ್ನುತ್ತಿತ್ತು. ಮದ್ರಾಸಿಗೆ ಎರಡು ಸಲ ಕಾಗದ ಬರೆಸಿದರೂ ಸಿಕ್ಕಿರಲಿಲ್ಲ. ಇದನ್ನು ಬಿಚ್ಚಲು ಅವನಿಗೆ ಒಂದು ಗಂಟೆ ಹಿಡಿಯಿತು. ಎಲ್ಲೂ ಒಂದು ಗೀರು ಬೀಳದಂತೆ ಬಿಚ್ಚಿದ.

“ತಗಡು?” ಜಂಬಪ್ಪ ಕೇಳಿದ.

“ಬ್ಯಾಡ.”

“ಯಾಕ ಮಾವ? ಬುಕ್ಕು ತೆಗೆದಿಟ್ಟೀನಿ.”

“ಹತ್ತೊಂಬತ್ತು ವರ್ಷ ನಾನು ದುಡಿದಿದ್ದು ಅದಕ್ಕ. ಇದರ ಹೆಸರಿನ್ಯಾಗ ಅದನ್ನ ಹೆಂಗ ಓಡಿಸ್ಲಿ?”

“ಕಬ್ಬಿಣ ಮಾವ ಅದು. ಕಬ್ಬಿಣಕ್ಕ ಹೆಸರು ಯಾವುದಾದ್ರೇನು?”

“ಹಂಗ ಅನ್ಕಂಡ ಬಂದಿದ್ದೆ” ಎಂದು ದಸ್ತಗಿರಿ ಹಿಡಿಕೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ನಡೆದ.

ಮಹಾಂತಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಟವೆಲ್ಲು ಬಿಚ್ಚಿದಾಗ ಹಿಡಿಕೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು.

“ನಂಬರ್ ತರಾಕ ಹೋಗಿ ಹಿಡಿಕಿ ತಂದೀಯಲ್ಲೋ ಯಪ್ಪಾ.”

“ಹೌದ್ರಿ ಅವ್ವಾರ.”

“ಕೊಯ್ಯೋ ಗಾಡಿಗೆ ಹಿಡಿಕಿ.”

ಅವನು ಕಂಬಕ್ಕೆ ಒರಗಿ ಕೂತ. ಬಸ್ಸಿನ ಕುಲುಕಾಟಕ್ಕೆ ಮೈಯೆಲ್ಲ ಜಡವಾಗಿತ್ತು. ಮರಿಬಸಪ್ಪ ಅಂಗಡಿಯಿಂದ ಬರುವುದು ಇನ್ನೂ ತಡವಿತ್ತು. ಆ ಹೊತ್ತಿನಲ್ಲಿ ದಸ್ತಗಿರಿ ಒಂದು ಲೆಕ್ಕ ಹಾಕಿದ. ಎಂಜಿನ್ ಬಿಚ್ಚಿದರೆ ಅದಕ್ಕೆ ಕಲ್ಲಿನ ಕಟ್ಟೆ ಕಟ್ಟಬೇಕು, ಬೋಲ್ಟು ಹೂಳಬೇಕು, ಪಂಪು ತಿರುಗಿಸಲು ಬೇರೆ ಚಕ್ರ ಹಾಕಿಸಬೇಕು. ಗಾಡಿಯ ಒಳಗೆ ಅದು ಈಗಾಗಲೇ ಕೂತಿದೆ. ಚಕ್ರವೂ ಇದೆ.

ಮರಿಬಸಪ್ಪ ಚಪ್ಪಲಿ ಬಿಡುವ ಮುಂಚೆಯೇ ಅವನು ಎದ್ದು ನಿಂತು ಹೇಳಿದ: “ಧಣೇರ, ತಗಡು ತರ್ಲಿಲ್ಲ. ಎಂಜಿನ್ ಬಿಚ್ಚೋದೂ ಬ್ಯಾಡ್ರಿ. ಇಡೀ ಗಾಡಿನ ಬಾವಿಗೆ ಒಯ್ತೀನಿ. ಹಿಂದಿನ ಒಂದು ಗಾಲಿ ಎತ್ತಿ, ಟೈರ್ ಬಿಚ್ಚಿ, ಬರೇ ಚಕ್ರಕ್ಕ ಬೆಲ್ಟಿನ ಪಟ್ಟಾ ಹಾಕಿದ್ರ ಬಾವಿ ಪಂಪು ತಿರುಗ್ತೈತಿ. ಪೆಟ್ರೋಲಿನ ಮ್ಯಾಲ ಹಚ್ಚಿ ಆಮ್ಯಾಲ ಚಿಮಣಿ ಎಣ್ಣಿಗೆ ತಿರುವಿಬಿಡ್ತೀನಿ.”

“ನಿಂತಲ್ಲೇ ಓಡಿದ್ರ ಎಂಜಿನ್ ಕಾಯಂಗಿಲ್ಲೇನು?”

“ಪಂಪಿನ ನೀರಿನ್ಯಾಗ ಒಂದು ಎಳಿ ತೆಗೆದು ರೇಡಿಯೇಟರಿಗೆ ಬಿಡ್ತೀನ್ರಿ.”

ಮರಿಬಸಪ್ಪ ತಾಯಿಯ ಕಡೆ ನೋಡಿದ. ಮಹಾಂತಮ್ಮ ಹಿಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದರು.

“ಮತ್ತ ರಸ್ತೆಗೆ ಬರಂಗಿಲ್ಲ ಅದು. ತಿಳೀತಿಲ್ಲ?”

“ತಿಳೀತ್ರಿ.”

“ನೀರು ಬಿದ್ರ ಸಾಕು ನನಗ” ಎಂದು ಮರಿಬಸಪ್ಪ ಒಳಗೆ ಹೋದ.

ಹೊಲ ಇದ್ದದ್ದು ಆಸ್ಪರಿ ಕಡೆ ಎರಡು ಮೈಲಿ. ರಸ್ತೆ ಬಿಟ್ಟು ಬಂಡಿ ದಾರಿಯಲ್ಲೇ ಗಾಡಿಯನ್ನು ಒಯ್ದ. ಕಮ್ಮಾರರು ಬಡಿದಿದ್ದ ಸ್ಪ್ರಿಂಗ್ ಪಟ್ಟಿಗಳು ಅವತ್ತೂ ಕೈಬಿಡಲಿಲ್ಲ. ಬಾವಿಯ ದಂಡೆಯಲ್ಲಿ ಬೇವಿನ ನೆರಳಿಗೆ ಮುಖ ಹೊಲದ ಕಡೆ ಮಾಡಿ ನಿಲ್ಲಿಸಿದ. ಬಲಗಡೆಯ ಹಿಂದಿನ ಗಾಲಿ ಎತ್ತಿ ಕೆಳಗೆ ದಿಮ್ಮಿ ಕೊಟ್ಟ, ಉಳಿದ ಮೂರಕ್ಕೂ ಬಂಡೆ ಒಡ್ಡಿದ. ಪಟ್ಟಾ ಕೂರಿಸಲು ಎರಡು ದಿನ ಹಿಡಿಯಿತು. ಮೊದಲ ದಿನ ಮೂರು ಸಲ ಜಾರಿ ಬಿತ್ತು. ಒಂದು ಸಲ ಅವನ ಮೊಣಕೈಗೆ ಬಡಿದು ಬಾತುಕೊಂಡಿತು. ಚಕ್ರದ ಅಂಚಿಗೆ ಹಳೆಯ ಟೈರಿನ ರಬ್ಬರು ಕೊಯ್ದು ಸುತ್ತಿದ ಮೇಲೆ ನಿಂತಿತು.

ಮೂರನೆಯ ದಿನ ನೀರು ಬಿತ್ತು. ಕಾಲುವೆಯ ಒಣ ಮಣ್ಣು ಮೊದಲು ಕುಡಿದು ಆಮೇಲೆ ಬಿಟ್ಟುಕೊಟ್ಟಿತು. ಆಳುಗಳು ಗುದ್ದಲಿ ಹಿಡಿದು ಮಡಿಗಳಿಗೆ ತಿರುವಲು ಓಡಿದರು.

ಮಧ್ಯಾಹ್ನ ಮಹಾಂತಮ್ಮ ಬಂಡಿಯಲ್ಲಿ ಬುತ್ತಿ ತಂದರು. ಬಂಡಿಯಿಂದ ಇಳಿಯಲು ಇಬ್ಬರು ಹಿಡಿಯಬೇಕಾಯಿತು. ನೆಲದ ಮೇಲೆ ಕೂರಲು ಆಗುವುದಿಲ್ಲವೆಂದು ಗಾಡಿಯ ಹಿಂದಿನ ಸೀಟಿನಲ್ಲಿ ಹತ್ತಿ ಕೂತು, ಗುಂತಕಲ್ಲಿನಿಂದ ತಂದು ಜೋಡಿಸಿದ್ದ ಹಿಡಿಕೆ ತಿರುವಿ ಗಾಜು ಇಳಿಸಿದರು. ಗಾಡಿ ಸಣ್ಣಗೆ ನಡುಗುತ್ತಿತ್ತು.

“ಹೊಂಟಂಗ ಐತಲ್ಲೋ ಇದು” ಎಂದರು.

“ಹೊಂಟೈತ್ರಿ. ಮೈಲಿ ಮೀಟರೂ ಓಡಾಕ ಹತ್ತೈತಿ.”

ಹೊತ್ತು ಇಳಿಯುವತನಕ ಅವರು ಅಲ್ಲೇ ಇದ್ದರು. ಒಂದಿಷ್ಟು ಹೊತ್ತು ತೂಕಡಿಸಿದರು. ಎಂಜಿನ್ ನಿಲ್ಲಿಸಿದಾಗ ಎಚ್ಚರವಾಗಿ ಎಷ್ಟಾತು ಎಂದು ಕೇಳಿದರು. ದಸ್ತಗಿರಿ ಬಗ್ಗಿ ಮೀಟರು ನೋಡಿದ.

“ಅರವತ್ತೆರಡು ಮೈಲಿ.”

“ಅಂದ್ರ ಎಲ್ಲಿಗೆ ಮುಟ್ಟಿದ್ವಿ?”

“ಮಂತ್ರಾಲಯ ದಾಟಿ ಹೊಳಿ ಆಚಿಗೆ ಹೋಗಿರ್ತೀವ್ರಿ.”

“ಹೊಳ್ಳಿ ಬರಾಕ ಮತ್ತ ಅಷ್ಟ ಆಗ್ತೈತಲ್ಲ” ಎಂದು ಅವರು ನಿಟ್ಟುಸಿರು ಬಿಟ್ಟು, ಬಂಡಿ ಹೂಡಲು ಹೇಳಿ ಕಳಿಸಿದರು.

ಅವರು ಹೋದ ಮೇಲೆ ದಸ್ತಗಿರಿ ಬಿಸಿ ಎಂಜಿನ್ನಿನ ಪಕ್ಕ ಫುಟ್‌ಬೋರ್ಡಿನ ಮೇಲೆ ಕೂತ. ಮೊಣಕೈ ಇನ್ನೂ ನೋಯುತ್ತಿತ್ತು. ಪಟ್ಟಾ ದಿನವಿಡೀ ತಿರುಗಿ ಸಡಿಲಾಗಿತ್ತು. ಅದನ್ನು ಬಿಗಿ ಮಾಡಲು ನಾಳೆ ಬೆಳಿಗ್ಗೆ ದಿಮ್ಮಿ, ಬಂಡೆ ತೆಗೆದು ಗಾಡಿಯನ್ನು ಒಂದು ಗೇಣು ಮುಂದಕ್ಕೆ ಓಡಿಸಬೇಕು ಎಂದುಕೊಂಡ.